ಸತ್ತು ಎದ್ದ ಸೈನಿಕ

ಮಿಲ್ಲಿನ ಮೇಸ್ತ್ರಿ ನನ್ನನ್ನು ಸಿನಿಮಾ ಪರದೆಯ ಮೇಲೆ ಗುರುತಿಸಬಹುದಿತ್ತು. ಜ್ವರವೆಂದು ರಜೆ ಹಾಕಿದ ಆ ಎರಡು ದಿನ ನಾನು ಹರಿಹರದ ಹೊಳೆದಂಡೆಯಲ್ಲಿ ಈಟಿ ಹಿಡಿದು ನಿಂತಿದ್ದೆನೆಂದು ತಿಳಿದುಬಿಡಬಹುದಿತ್ತು. ಮಿಲ್ಲಿನ ಕೆಲಸ ಹೋಗಬಹುದಿತ್ತು. ಸುದ್ದಿ ಕುಕ್ಕುವಾಡದ ಮಾವನ ಮನೆ ಮುಟ್ಟಬಹುದಿತ್ತು. ಗಾಬರಿಗೆ ಥಿಯೇಟರಿನಲ್ಲೇ ನನ್ನ ಎದೆ ನಿಂತುಹೋಗಬಹುದಿತ್ತು. ಹೆದರುವುದೊಂದಿದೆ ನೋಡಿ, ಆ ಕೆಲಸಕ್ಕೆ ಮಾತ್ರ ನಾನು ಒಂದು ದಿನವೂ ರಜೆ ಹಾಕಿದವನಲ್ಲ.

ಈಗ ಎಲ್ಲರೂ ಕೊಂಡಾಡುವ ಆ ಪೌರಾಣಿಕ ಚಿತ್ರದ ಯುದ್ಧವನ್ನು ನಮ್ಮ ತುಂಗಭದ್ರೆಯ ಮರಳಿನಲ್ಲಿ ತೆಗೆದರು. ಮೊದಲ ದಿನ ನನ್ನ ಹಣೆಗೆ ಉದ್ದನೆಯ ನಾಮವೆಳೆದು, ಎದೆಗೆ ಬಾಣ ಸಿಕ್ಕಿಸಿ, ಕ್ಯಾಮೆರಾದ ಎದುರಿಗೇ ಕೊಂದರು. ಮರುದಿನ ಆಳು ಸಾಲದೆ, ಹೆಣವಾಗಿದ್ದವನನ್ನೇ ರಾಜನ ಬೆನ್ನ ಹಿಂದೆ ಕಾವಲಿಗೆ ನಿಲ್ಲಿಸಿದರು. ಅಂದು ಬೆಳಿಗ್ಗೆ ಹೊಳೆಯಲ್ಲಿ ಮಿಂದವನು, ಬುದ್ಧಿ ಬಂದಾಗಿನಿಂದ ಕೈಗೆ ಅಂಟಿದ ರೂಢಿಯಂತೆ, ಹಣೆಯ ತುಂಬ ವಿಭೂತಿ ಧರಿಸಿಬಿಟ್ಟಿದ್ದೆ. ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ನಾಮದ ಸೇನೆಯಲ್ಲಿ ವಿಭೂತಿಯವನು ಒಬ್ಬನೇ ಒಬ್ಬ, ಅವನೂ ಸತ್ತವನು!

ಬದುಕಿನಲ್ಲಿ ಮಾಡಿದ ತಪ್ಪುಗಳು ದಿನ ಕಳೆದಂತೆ ಹೇಗೋ ಮಾಸುತ್ತವೆ. ಸಿನಿಮಾದ ತಪ್ಪು ಹಾಗಲ್ಲ, ಆಳೆತ್ತರದ ಮುಖ ಹೊತ್ತು ಊರೂರು ತಿರುಗುತ್ತದೆ.

ತಿರುಗುತ್ತ ಅದು ದಾವಣಗೆರೆಗೂ ಬಂತು. ಮೇಸ್ತ್ರಿಯೇ ಕರೆದ: "ನಮ್ಮ ಹೊಳೆ ತೋರ್ಸ್ಯಾರಂತಪ್ಪ, ಮನೆಯಾಕಿನ್ನೂ ಕರ್ಕಂಡು ಬಾ." ಒಲ್ಲೆನೆಂದರೆ ಅನುಮಾನ ಬಂದೀತೆಂದು ಹೋದೆ. ಒಂದೇ ಸಾಲಿನಲ್ಲಿ ಮೇಸ್ತ್ರಿ, ಅವನ ತಾಯಿ, ನನ್ನ ಹೆಂಡತಿ, ತುದಿಗೆ ನಾನು. ಅವಳಿಗೂ ನಾನು ಏನನ್ನೂ ಹೇಳಿರಲಿಲ್ಲ. ಗಂಡ ಹೆಣದ ವೇಷ ಹಾಕಿದನೆಂದರೆ ಮೂರು ದಿನ ಅನ್ನ ಮುಟ್ಟುವವಳಲ್ಲ.

ಪರದೆಯ ತುಂಬ ನನ್ನ ಮುಖ ಬಂತು, ಬಾಣ ನಾಟಿತು, ಸತ್ತೆ. ಎರಡು ನಿಮಿಷಕ್ಕೆ ರಾಜನ ಹಿಂದೆ ಮತ್ತೆ ನಾನೇ.

"ಏ, ಅವ ಆಗ್ಲೇ ಸತ್ತಿದ್ನಲ್ಲೋ?" ಎಂದಳು ಮುದುಕಿ.

ಮೇಸ್ತ್ರಿ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದ. ನಾನು ಕುರ್ಚಿಯಲ್ಲಿ ಕೆಳಕ್ಕೆ ಜಾರಿದೆ.

"ಹೌದವ್ವ. ಹಣೆ ನೋಡು, ವಿಭೂತಿ ಐತೆ! ಅದ್ಕೇ ಎದ್ದಾನೆ."

ಮುದುಕಿ ಕೈಮುಗಿದಳು. ಹಿಂದಿನ ಸಾಲಿನವರೂ ಮುಗಿದರು. ನನ್ನ ಕೆಲಸ ಉಳಿಯಿತು. ಚಿತ್ರದ ತಪ್ಪು ಪವಾಡವಾಯಿತು.

ಕೆಟ್ಟದ್ದು ಒಂದೇ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದಳು: "ಯಾರೋ ಏನೋ, ಅವ್ನ ಹೆಂಡ್ತಿ ಪುಣ್ಯ ಮಾಡಿದ್ಲು ಬಿಡ್ರಿ." ಹದಿನಾರು ವರ್ಷ ದಿನವೂ ಎದುರಿಗೆ ಕೂತು ರೊಟ್ಟಿ ಬಡಿಸಿದವಳು.