ಕಪ್ಪಗೆ ಕಂಡ ಎಲೆ

ನಾನು ಗಿಡ ಕಿತ್ತು ಕೈಯಲ್ಲಿ ಹಿಡಿದಿದ್ದೆ. ಆಗಲೇ ಕಾಕ ಬಾಗಿಲಲ್ಲಿ ಬಂದು ನಿಂತರು. ಮಸೀದಿಯಿಂದ ಕೊಡೆ ಇಲ್ಲದೆ ಬಂದಿದ್ದರು. ಬಿಳಿ ಗಡ್ಡದ ತುದಿಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು.

“ಎಂತ ಮಾಡಿದೆ ಮಾರಾಯ?”

“ಸತ್ತದ್ದನ್ನು ಎಂತಕ್ಕೆ ಇಟ್ಟುಕೊಂಡದ್ದು ಕಾಕ? ಎಲೆ ಕಪ್ಪಾಗಿ ಉಂಟಲ್ಲ.”

ಕಾಕನದ್ದು ವಿಟ್ಲದಲ್ಲಿ ರೇಡಿಯೋ, ಟೇಪು ರಿಪೇರಿಯ ಅಂಗಡಿ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬಿ.ಸಿ.ರೋಡಿನ ಬಸ್ಸಿನಲ್ಲಿ ಕಂಡಕ್ಟರ್, ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಸ್ಸಿನ ಟೇಪು ಆಗಾಗ ಕೆಡುತ್ತಿತ್ತು, ಹಾಗೆ ಪರಿಚಯ; ಎಲ್ಲರಂತೆ ನಾನೂ ಕಾಕ ಎನ್ನುತ್ತಿದ್ದೆ. ಆ ಮಧ್ಯಾಹ್ನ “ಅಂಗಡಿ ನೋಡಿಕೋ, ನಮಾಜು ಮುಗಿಸಿ ಬರ್ತೇನೆ” ಎಂದು ಹೋಗಿದ್ದರು. ನಾನು ಒಳಕೋಣೆಗೆ ಹೋದೆ. ಮಣ್ಣು ತುಂಬಿದ ಮೂರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಾಳುಮೆಣಸಿನ ಬಳ್ಳಿಯ ಮೂರು ತುಂಡುಗಳಿದ್ದವು. ಎಲೆಯೆಲ್ಲ ಕಪ್ಪು, ಒಂದನ್ನು ಕಿತ್ತೆ.

ಆ ಬಳ್ಳಿಯನ್ನು ಅಂಗಡಿ ಹಿಂದಿನ ಹಲಸಿನ ಮರದ ಬುಡದಲ್ಲಿ ನೆಟ್ಟದ್ದು ಕಾಕನ ತಾಯಿ, ಉಮ್ಮ. ಉಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆ ಮಳೆಗಾಲದಲ್ಲಿ ಬಳ್ಳಿಯೂ ಕೊಳೆಯಿತು. ಪೂರ್ತಿ ಸಾಯುವ ಮೊದಲು ಕಾಕ ಮೂರು ತುಂಡು ಕೊಯ್ದಿದ್ದರು. ಹೊರಗಿಟ್ಟರೆ ಮಳೆಗೆ ಕೊಳೆಯುತ್ತದೆ. ಒಳಗಿಟ್ಟರೆ ಬೆಳಕಿಲ್ಲ, ಪಕ್ಕದಲ್ಲಿ ಮೂರು ಮಾಳಿಗೆಯ ಕಟ್ಟಡ ಎದ್ದಿತ್ತು. ಹಳೆ ಟೇಪುಗಳಿಂದ ಕೆಂಪು ಎಲ್ಇಡಿ ಬಿಚ್ಚಿ, ಹಲಗೆಗೆ ಸಾಲಾಗಿ ಬೆಸೆದು ಮೇಲೆ ತೂಗುಹಾಕಿದರು. ಕರೆಂಟ್ ಹೋದರೂ ಆರಬಾರದೆಂದು ಬೈಕಿನ ಬ್ಯಾಟರಿ ಕೊಟ್ಟರು. ಚಿಗುರು ನೂಲಿನ ಹಾಗೆ ಉದ್ದ ಬೆಳೆಯಿತು, ಎಲೆ ಬರಲಿಲ್ಲ. ಅವರ ಭಾವ ದುಬೈಯಿಂದ ನೀಲಿ ಎಲ್ಇಡಿ ತಂದುಕೊಟ್ಟ ಮೇಲೆ ಎಲೆ ಬಂತು.

“ಕೆಂಪು ಬೆಳಕು ಗಂಜಿ, ನೀಲಿ ಬೆಳಕು ಚಟ್ನಿ,” ಎಂದಿದ್ದರು ಒಮ್ಮೆ. “ಬರೀ ಗಂಜಿ ಕುಡಿದರೆ ಉದ್ದ ಮಾತ್ರ ಆಗ್ತದೆ, ನಿನ್ನ ಹಾಗೆ.”

ಆ ದಿನ ಅವರು ಬೈಯಲಿಲ್ಲ. “ಹೊರಗೆ ತಂದು ನೋಡು” ಎಂದರು. ಇದು ಅವರು ದಿನಾ ಹೇಳುವ ಮಾತು. ರೇಡಿಯೋದ ಸಣ್ಣ ಪಾರ್ಟಿನ ಮೇಲಿನ ಬಣ್ಣದ ಗೆರೆ ಓದಲಿಕ್ಕೂ ಬಾಗಿಲಿಗೆ ಬರುತ್ತಿದ್ದರು.

ಗಿಡವನ್ನು ಹೊರಗಿನ ಮಾಡಿನಡಿ, ಹಗಲ ಬೆಳಕಿಗೆ ತಂದೆ. ಎಲೆ ಹಸಿರು. ಒಳ್ಳೇ ಹಸಿರು.

“ಆ ಕೆಂಪು-ನೀಲಿ ಬೆಳಕಿನಲ್ಲಿ ಹಸಿರು ಕಪ್ಪಾಗಿ ಕಾಣ್ತದೆ ಮಾರಾಯ.”

ಕಾಕ ತುಂಡನ್ನು ತಿರುಗಿಸಿದರು. ಬುಡದಲ್ಲಿ ಕೂದಲಿನಷ್ಟು ಸಪೂರದ ಬಿಳಿ ಬೇರು.

“ಬೇರು ಬಂದಿದೆಯಾ ಅಂತ ಹತ್ತು ದಿನದಿಂದ ನನಗೆ ತಲೆಬಿಸಿ. ನೀನು ತೋರಿಸಿದೆ.”

ನಕ್ಕರು. ಬೇರು ಮುರಿಯದ ಹಾಗೆ ಬೆರಳಲ್ಲಿ ಗುಳಿ ಮಾಡಿ ಮತ್ತೆ ಮಣ್ಣಿಗೆ ಊರಿದರು.

ಮಳೆಗಾಲ ಮುಗಿದ ಮೇಲೆ ನಾನು ಕಿತ್ತಿದ್ದ ಆ ಒಂದನ್ನು ನನಗೆ ಕೊಟ್ಟರು. ಬೇಡ ಎಂದೆ.

“ಕಿತ್ತದ್ದು ನೀನು. ಸಾಕುವುದೂ ನೀನೇ.”

ಮನೆಯ ತೆಂಗಿನ ಮರಕ್ಕೆ ಹಬ್ಬಲು ಬಿಟ್ಟೆ. ಕಾಕ ಕೆಲವು ವರ್ಷದ ನಂತರ ತೀರಿಕೊಂಡರು. ಅಂಗಡಿ ಕೆಡವಿದರು. ಅಂಗಡಿಯ ಹಿಂದೆ ಅವರು ನೆಟ್ಟಿದ್ದ ಉಳಿದ ಎರಡೂ ಬಳ್ಳಿ ಮಣ್ಣಿನಡಿ ಹೋದವು.

ಮೊನ್ನೆ ಅವರ ಮಗಳು ನಮ್ಮ ಮನೆ ಹುಡುಕಿಕೊಂಡು ಬಂದರು. “ಅಣ್ಣ, ಅಜ್ಜಿಯ ಬಳ್ಳಿ ನಿಮ್ಮಲ್ಲಿ ಒಂದು ಉಂಟು ಅಂತ ಬಾಪ ಹೇಳ್ತಿದ್ದರು. ಇನ್ನೂ ಉಂಟಾ?”

ತೋರಿಸಿದೆ. ಬಳ್ಳಿ ತೆಂಗಿನ ಅರ್ಧದವರೆಗೆ ಹತ್ತಿದೆ. ಅವರು ಎಲೆ ಮುಟ್ಟಿ ನೋಡಿದರು. ಮೂರು ತುಂಡು ಕೊಯ್ದು ಕೊಟ್ಟೆ.

ಇಷ್ಟೇ. ಇನ್ನು ಹೇಳಲಿಕ್ಕೆ ನನ್ನಲ್ಲಿ ಏನೂ ಇಲ್ಲ.