ಅವ್ವನ ಹಸು ತಿಂದ ರೆಕ್ಕೆ

ವಿಮಾನದ ಎಡ ರೆಕ್ಕೆಯಲ್ಲಿ ಅರ್ಧದಷ್ಟನ್ನು ತಿಂದದ್ದು ಅವ್ವನ ಹಸು. ಇಷ್ಟು ಖಚಿತ. ರೆಕ್ಕೆಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದು ನಾನೋ, ಮನೆ ಗುಡಿಸುವಾಗ ಅವ್ವ ಎತ್ತಿಟ್ಟದ್ದೋ ಎನ್ನುವುದು ಆಗಲೇ ಗೊತ್ತಾಗಲಿಲ್ಲ, ಈಗಂತೂ ತಿಳಿಯುವ ದಾರಿಯಿಲ್ಲ. ನೆನಪಿಸಿಕೊಂಡಾಗಲೆಲ್ಲ ಬೇರೆ ಬೇರೆ ಕೈ ಅದನ್ನು ಅಲ್ಲಿ ಒರಗಿಸುತ್ತದೆ.

ಎಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ತಮಿಳುನಾಡಿನ ಗಡಿಯೊಳಗಿರುವ ತಾಳವಾಡಿ ಹತ್ತಿರದ ನಮ್ಮೂರಿಗೆ ಮರಳಿದ್ದೆ. ಸಹಪಾಠಿಯೊಬ್ಬ ಆಟದ ವಿಮಾನ ಹಾರಿಸುವ ತನ್ನ ರೇಡಿಯೊ ಸೆಟ್ಟನ್ನು ಆಷಾಢ ಕಳೆಯುವವರೆಗೆ ಇಟ್ಟುಕೋ ಎಂದು ಕೊಟ್ಟಿದ್ದ. ಒಂದೇ ಗುಂಡಿಯ ಟ್ರಾನ್ಸ್‌ಮಿಟರ್, ಬೆಂಕಿಪೊಟ್ಟಣದಷ್ಟು ದೊಡ್ಡ ರಿಸೀವರ್, ಅಷ್ಟೆ. ವಿಮಾನ ನಾನೇ ಮಾಡಿಕೊಳ್ಳಬೇಕಿತ್ತು. ಇಂಜಿನ್ ಕೊಳ್ಳುವ ಮಾತೇ ಇರಲಿಲ್ಲ. ಊರ ಹಿಂದಿನ ಗುಡ್ಡದ ಇಳಿಜಾರಿನಿಂದ ಪಡುವಣ ಗಾಳಿಗೆ ಎದುರಾಗಿ ಬಿಟ್ಟರೆ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ, ಗುಂಡಿ ಒತ್ತಿದರೆ ಬಾಲದ ಹಲಗೆ ತಿರುಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮೈಸೂರಿನ ಅಂಗಡಿಯೊಂದರ ಹಿಂದೆ ಎಸೆದಿದ್ದ ಟಿ.ವಿ. ಪೆಟ್ಟಿಗೆಗಳ ಥರ್ಮೋಕೋಲನ್ನು ಚಾಮರಾಜನಗರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಕಾಯಿಸಿದ ತಂತಿಯಲ್ಲಿ ಕೊಯ್ದು ರೆಕ್ಕೆ ಮಾಡಿದೆ. ಅಂಟಿಸಲು ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿದಾಗ ಥರ್ಮೋಕೋಲ್ ಕರಗಿ ಗುಳಿಬಿತ್ತು. ಆಮೇಲೆ, ಕಂಬಳಿ ನೇಯುವವರು ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯನ್ನು ಕಾಸಿಕೊಂಡೆ. ಬೂಸಲು ಹಿಡಿಯದಿರಲೆಂದು ಅದಕ್ಕೆ ಉಪ್ಪು ಬೆರೆಸಿದೆ. ಆ ಗಂಜಿಯಲ್ಲಿ ಹಳೆಯ ತಮಿಳು ಪೇಪರನ್ನು ಅದ್ದಿ ರೆಕ್ಕೆಗೆ ಹೊದಿಸಿದರೆ ಒಣಗಿದ ಮೇಲೆ ತಮಟೆಯ ಹಾಗೆ ಬಿಗಿಯಾಗುತ್ತಿತ್ತು. ರೆಕ್ಕೆಯ ಬುಡದಲ್ಲಿ, ಮೈಗೆ ಸಿಕ್ಕಿಸಲು, ಬೆರಳುದ್ದದ ಸೈಕಲ್ ಕಡ್ಡಿಯ ತುಂಡು ಚುಚ್ಚಿದ್ದೆ. ಬಾಲವನ್ನು ಆಡಿಸುವುದು ತಂತಿ ಸುತ್ತಿದ ಒಂದು ಸುರುಳಿ ಮತ್ತು ಅದರೊಳಗಿನ ಉರುಳೆಯಾಕಾರದ ಆಯಸ್ಕಾಂತ. ಕಿರುಬೆರಳ ಗಾತ್ರದ ಅದು ಭಾರವೇ, ಆದರೆ ಮೂತಿಗೆ ಹೇಗೂ ಭಾರ ಬೇಕಿತ್ತು, ಅಲ್ಲೇ ಕೂರಿಸಿ ಬಾಲದವರೆಗೆ ತಂತಿ ಎಳೆದಿದ್ದೆ.

ಹಸು ಅವ್ವನದು. ತವರಿನಿಂದ ಹೊಡೆದುಕೊಂಡು ಬಂದಿದ್ದ ಹಸುವಿನ ಮಗಳು, ಮನೆಯ ಹಾಲೆಲ್ಲ ಅದರದೇ, ಆಗ ತುಂಬು ಗಬ್ಬ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಅದರ ಮೂತಿಯ ತುಂಬ ಬಿಳಿ ಕಾಳುಗಳು ಅಂಟಿದ್ದವು. ರೆಕ್ಕೆಯ ತುದಿ ಮಾತ್ರ ನೆಲದಲ್ಲಿತ್ತು. ಬುಡವಿಲ್ಲ, ಕಡ್ಡಿಯೂ ಇಲ್ಲ.

"ಉಪ್ಪಾಕಿ ಉಣಸೆಬಿತ್ತ ಬಳಿದು ಇಟ್ರೆ ಅದು ತಿನ್ನದೆ ಇನ್ನೇನ್ಲಾ ಮಾಡದು?" ಎಂದಳು ಅವ್ವ. ಕಡ್ಡಿಯ ವಿಷಯ ಅವಳಿಗಿನ್ನೂ ಗೊತ್ತಿರಲಿಲ್ಲ.

ಪಕ್ಕದ ಮನೆಯ ಚಿಕ್ಕಪ್ಪ ಬಾಗಿಲಲ್ಲೇ ನಿಂತು ನಕ್ಕರು. "ಇಮಾನ ತಿಂದದ ಕಣ್ಲಾ. ಅಗ್ಗ ಗಟ್ಯಾಗಿ ಕಟ್ಟು, ಆರೋಗ್‌ಬುಟ್ಟಾತು!"

ಮರುದಿನ ಯಾರೂ ನಗಲಿಲ್ಲ. ಹಸು ಮೇವು ಮುಟ್ಟಲಿಲ್ಲ, ಮೆಲುಕು ಹಾಕಲಿಲ್ಲ. ಬೆನ್ನು ಬಾಗಿಸಿ ನಿಂತು ಉಸಿರಿಗೊಮ್ಮೆ ನರಳುತ್ತಿತ್ತು. ನಾನು ಕಡ್ಡಿಯ ವಿಷಯ ಹೇಳಿದೆ. ಅವ್ವ ಬೈಯಲಿಲ್ಲ. ಹಸುವಿನ ಕುತ್ತಿಗೆಯಡಿ ಇಳಿಬಿದ್ದ ಗಂಗೆದೊಗಲಿನ ಮೇಲೆ ಕೈಯಿಟ್ಟು, "ಓಗಿ ಡಾಕ್ಟ್ರ ಕರ್ಕಂಬಾ" ಎಂದಳು.

ತಾಳವಾಡಿಯ ದನದ ಡಾಕ್ಟರು ತಮಿಳರು. ಹಸುವಿನ ಎದೆಯ ಕೆಳಗೆ ಮುಷ್ಟಿಯಿಂದ ಒತ್ತಿ ನೋಡಿದರು. ಅದು ನರಳಿತು. ಕಡ್ಡಿ ಹೊಟ್ಟೆಯಲ್ಲಿದ್ದರೆ ಮುಂದಕ್ಕೆ ಸರಿದು ಗುಂಡಿಗೆಗೆ ಚುಚ್ಚಬಹುದು, ಚುಚ್ಚಿದರೆ ಹಸುವೂ ಇಲ್ಲ, ಕರುವೂ ಇಲ್ಲ ಎಂದರು. ಹೊಟ್ಟೆ ಕೊಯ್ಯುವ ಸೌಕರ್ಯ ಇಲ್ಲಿಲ್ಲ. ಕಡ್ಡಿಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವ ಉಪಾಯ ಒಂದಿದೆ.

"ಕಾಂತಂ ಇರುಕ್ಕಾ ತಂಬಿ?" ಎಂದು ಕೇಳಿದರು. ಆಯಸ್ಕಾಂತ ಇದೆಯೇ ಎಂದು.

ಇತ್ತು, ವಿಮಾನದ ಮೂತಿಯಲ್ಲಿ. ಕೂಡಲೇ ಒಳಗೆ ಓಡಿದೆನೆಂದು ನನ್ನ ನೆನಪು ಹೇಳುತ್ತದೆ. ಆ ನೆನಪನ್ನು ನಾನು ನಂಬುವುದಿಲ್ಲ, ಅದು ನನಗೆ ತೀರ ಅನುಕೂಲವಾಗಿದೆ. ಅವ್ವ, "ಏನ್ಲಾ, ಯಾಕ ನಿಂತ್ಕಂಡೆ?" ಎಂದದ್ದು ಕೂಡ ಕಿವಿಯಲ್ಲಿದೆ. ಹಾಗಾದರೆ ನಿಂತಿದ್ದೆನಲ್ಲ. ಎಷ್ಟು ಹೊತ್ತು, ಏನು ಯೋಚಿಸುತ್ತ ಎಂಬುದು ಉಳಿದಿಲ್ಲ.

ಸುರುಳಿ ಕಿತ್ತು ಆಯಸ್ಕಾಂತ ತೆಗೆದೆ. ಅವ್ವ ಅದನ್ನು ರಾಗಿಮುದ್ದೆಯ ಉಂಡೆಯೊಳಗೆ ಹುದುಗಿಸಿದಳು. ಡಾಕ್ಟರು ನಾಲಿಗೆಯನ್ನು ಪಕ್ಕಕ್ಕೆ ಎಳೆದು, ಮೊಣಕೈವರೆಗೆ ಕೈಹಾಕಿ ಗಂಟಲಿಗೆ ತಳ್ಳಿದರು. ಕಡ್ಡಿ ಮುಂದಕ್ಕೆ ಜಾರದಂತೆ ಮುಂಗಾಲು ಎತ್ತರದಲ್ಲಿರಲಿ ಎಂದು ಹೇಳಿ ಹೋದರು. ಚಿಕ್ಕಪ್ಪ ಹಲಗೆ ತಂದು, ಮಣ್ಣು ತುಂಬಿ, ಮೆಟ್ಟಿಲಿನಂತೆ ಮಾಡಿಕೊಟ್ಟರು.

ಆಮೇಲೆ ಕಾಯುವುದಷ್ಟೇ ಕೆಲಸ. ಸಗಣಿಯಲ್ಲಿ ಥರ್ಮೋಕೋಲಿನ ಕಾಳುಗಳು ಬರತೊಡಗಿದವು. ಅವ್ವ ಪ್ರತಿ ಸಲವೂ ಕೋಲಿನಿಂದ ಬಿಡಿಸಿ ಕಡ್ಡಿಗಾಗಿ ಹುಡುಕುತ್ತಿದ್ದಳು. ಸಿಗಲಿಲ್ಲ. ಆ ಸಗಣಿಯಲ್ಲೇ ನೆಲ ಸಾರಿಸಿದ್ದರಿಂದ ನಡುಮನೆಯ ನೆಲದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮೂಡಿದವು. ನಾನು ಕೊಟ್ಟಿಗೆಯ ಕಸದಲ್ಲಿ, ಗೋಡೆಯ ಬಿರುಕಿನಲ್ಲಿ, ಗೊಬ್ಬರದ ಗುಂಡಿಯ ದಾರಿಯಲ್ಲಿ ಹುಡುಕಿದೆ. ಅಲ್ಲೆಲ್ಲಾದರೂ ಸಿಕ್ಕಿದ್ದರೆ ಹಸು ಅದನ್ನು ನುಂಗಿಲ್ಲವೆಂದು ಅವ್ವನಿಗೆ ಹೇಳಬಹುದಿತ್ತು. ಅಲ್ಲೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಅವ್ವ ಕೊಟ್ಟಿಗೆಯಿಂದ ಕೂಗಿದಳು. "ಬಾರ್ಲಾ ಇಲ್ಲಿ! ಮೆಲ್ಕಾಕ್ತಾ ಅದ!" ನಾವಿಬ್ಬರೂ ಅದರ ದವಡೆಯಾಡುವುದನ್ನು ನೋಡುತ್ತ ಕುಳಿತೆವು.

ಇನ್ನೊಂದು ಆಯಸ್ಕಾಂತವನ್ನು ಮೈಸೂರಿನಿಂದ ತರಬಹುದಿತ್ತು. ತರಲಿಲ್ಲ. ಹಸುವಿನ ಬಳಿ ಯಾರಾದರೂ ಇರಬೇಕಿತ್ತು ಎಂದು ಕಾರಣ ಕೊಟ್ಟುಕೊಳ್ಳುತ್ತೇನೆ. ವಿಮಾನದ ಮೇಲಿನ ಆಸೆಯೇ ಆಗ ಇಳಿದಿತ್ತೇನೋ. ಆಷಾಢದ ಗಾಳಿ ನಿಂತಿತು, ಗೆಳೆಯ ಬಂದು ಸೆಟ್ಟು ತೆಗೆದುಕೊಂಡು ಹೋದ. ಗುಡ್ಡದ ಮೇಲಿನಿಂದ ವಿಮಾನವನ್ನು ಒಂದು ಸಲವೂ ಬಿಡಲಿಲ್ಲ.

ಹಸು ಹೆಣ್ಣುಕರು ಹಾಕಿತು. ಆ ಕಡೆಗೆ ಬಂದಿದ್ದ ಡಾಕ್ಟರು ನೋಡಿ ಹೋಗಲು ಒಳಗೆ ಬಂದರು. ಕಡ್ಡಿ ನಿಜವಾಗಿಯೂ ಹೊಟ್ಟೆಗೆ ಹೋಗಿತ್ತೇ, ಅಥವಾ ಥರ್ಮೋಕೋಲಿನಿಂದಲೇ ಹಾಗೆ ನರಳಿತೇ ಎಂದು ಕೇಳಿದೆ. ಹೊಟ್ಟೆ ಕೊಯ್ದು ನೋಡಿದರೆ ಮಾತ್ರ ಗೊತ್ತಾಗುತ್ತದೆ, ಅದು ಇನ್ನು ಹಸು ಸತ್ತ ಮೇಲಿನ ಮಾತು ಎಂದರು.

ಅವ್ವ ಕರುವಿನ ಬಾಯಿಗೆ ಹಸುವಿನ ಮೊಲೆ ಹಿಡಿಸುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು:

"ಅಂಗಾದ್ರ ಗೊತ್ತಾಗದೇ ಬ್ಯಾಡ ಬುಡಿ ಸಾರ್."