ಊರುಬಾಗಿಲಿಲ್ಲದ ಊರಿನ ತಳವಾರ

ಧನುರ್ಮಾಸದ ಬೆಳಗಿನ ಐದು ಗಂಟೆ. ಜಯನಗರದ ಈ ಅಡ್ಡರಸ್ತೆಯಲ್ಲಿ ನಾಲ್ಕು ದೀಪದ ಕಂಬಗಳಿವೆ, ಉರಿಯುತ್ತಿರುವುದು ಎರಡೇ. ಮಂಜು ಮೊಣಕಾಲಿನ ಮಟ್ಟಕ್ಕೆ ಇಳಿದಿದೆ. ಒಂದೊಂದೇ ಮನೆಯ ಚಿಲಕ ಸದ್ದಾಗುತ್ತದೆ. ಬಕೆಟ್ಟು, ಪೊರಕೆ, ರಂಗೋಲಿ ಡಬ್ಬಿ ಹಿಡಿದು ಹೆಂಗಸರು ಹೊರಗೆ ಬರುತ್ತಾರೆ. ಸೆರಗನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡಿದ್ದಾರೆ. ಚಳಿಗಾಗಿ ಅಲ್ಲ, ಕೊರಳಲ್ಲಿರುವುದು ಕಾಣದಿರಲೆಂದು.

ರಸ್ತೆಯ ನಟ್ಟನಡುವೆ ಕಂಬಳಿ ಹೊದ್ದ ಮುದುಕರೊಬ್ಬರು ಬಿದಿರು ದೊಣ್ಣೆ ಊರಿ ನಿಂತಿದ್ದಾರೆ. ಹೆಸರು ಚಿಕ್ಕಬೈರಪ್ಪ, ವಯಸ್ಸು ಅರವತ್ತರ ಆಚೆ. ಪಡುವಲ ತುದಿಯನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ, ನಿಂತಲ್ಲೇ ತಿರುಗಿ ಮೂಡಲ ತುದಿಯನ್ನು ನೋಡುತ್ತಾರೆ, ಮತ್ತೆ ಪಡುವಲಕ್ಕೆ ತಿರುಗುತ್ತಾರೆ. ಒಂದೂಕಾಲು ಗಂಟೆ ಇದೇ ಕೆಲಸ.

“ಬೈರಪ್ಪ, ತಲೆ ಸುತ್ತಿ ಬಿದ್ದುಬಿಟ್ಟೀಯ. ನಿನ್ನ ಎತ್ತೋರು ಯಾರು?” ಚೂಡಾಮಣಿಯಮ್ಮ ಚುಕ್ಕಿ ಇಡುತ್ತಲೇ ಕೇಳುತ್ತಾರೆ.

“ನೀವು ಬಿರಬಿರನೆ ಗೆರೆ ಸೇರ್ಸಿ ಅಮ್ಮಾವ್ರೇ. ಇಪ್ಪತ್ತೊಂದು ಚುಕ್ಕಿ ಇಟ್ಕಂಡು ಕುಂತ್ರೆ ನಾನು ಮಧ್ಯಾನದಗಂಟ ಸುತ್ಬೇಕಾಯ್ತದೆ.”

ಸಾಲಿನಲ್ಲಿ ನಗೆ ಹರಿದು ಹೋಗುತ್ತದೆ. ಬಗ್ಗಿದವರು ಬಗ್ಗಿಯೇ ನಗುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ. ಪೂಜೆ ಸೂರ್ಯ ಹುಟ್ಟುವ ಮುಂಚೆ ಮುಗಿಯಬೇಕು, ಮಕ್ಕಳ ಸ್ಕೂಲಿಗೆ ತಿಂಡಿ ಡಬ್ಬಿಯಾಗಬೇಕು, ಆಫೀಸಿನವರಿಗೆ ಬಿಸಿನೀರು ಕಾಯಬೇಕು. ಮನೆಯ ದಿನವೆಲ್ಲ ಈ ಕತ್ತಲಿನ ಹದಿನೈದು ನಿಮಿಷದ ಮೇಲೆ ನಿಂತಿದೆ. ಕಳ್ಳನಿಗೂ ಅದು ಗೊತ್ತಿದೆ.

ಚಿಕ್ಕಬೈರಪ್ಪ ಪಕ್ಕದ ಬೈರಸಂದ್ರದವರು. ಅಜ್ಜ, ಅಪ್ಪ, ತಾವು, ಮೂರು ತಲೆಮಾರಿನ ತಳವಾರಿಕೆ. ಊರು ಕಾಯುವುದು, ಹೊಸಬರನ್ನು ವಿಚಾರಿಸುವುದು, ಕಳ್ಳಕಾಕರ ಸುಳಿವು ಕಂಡರೆ ಪಟೇಲರಿಗೆ ತಿಳಿಸುವುದು. ಊರಿಗೆ ಎರಡು ಕಲ್ಲುಗಂಬದ ಒಂದು ಊರುಬಾಗಿಲಿತ್ತು. ಬರುವವರು, ಹೋಗುವವರು ಎಲ್ಲ ಅದರೊಳಗಿಂದಲೇ. ತಳವಾರ ಅಲ್ಲಿ ಊರಿಗೆ ಬೆನ್ನು ಮಾಡಿ ನಿಲ್ಲಬೇಕು. ಹಾಗೆಂದು ಅಪ್ಪ ಹೇಳಿಕೊಟ್ಟಿದ್ದ.

“ಒಳಗಡೆ ಹೆಣ್ಮಕ್ಳು ಬಾಗ್ಲು ಸಾರಿಸ್ತಿರ್ತಾರೆ, ನೀರು ಹುಯ್ಕಂತಿರ್ತಾರೆ. ನೀನು ನೋಡ್ಬೇಕಾದ್ದು ಹೊರಗಡೆ ಕಣ್ಲಾ, ಒಳಗಡೆ ನೋಡೋ ಕಣ್ಣು ಕಾಯೋ ಕಣ್ಣಲ್ಲ, ಅಂತಿದ್ದ ನಮ್ಮಪ್ಪ.”

ಬಡಾವಣೆ ಬಂತು. ತಳವಾರಿಕೆಗೆಂದು ಬಿಟ್ಟಿದ್ದ ರಾಗಿ ಹೊಲದ ಮೇಲೆ ಸೈಟುಗಳ ಗೆರೆ ಎಳೆದರು. ಹೋದ ವರ್ಷ, 1963ರಲ್ಲಿ, ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳೇ ರದ್ದಾದವು, ಚಿಕ್ಕಬೈರಪ್ಪ ತಳವಾರನ ಗುರುತಾದ ಹಿತ್ತಾಳೆ ಬಿಲ್ಲೆಯನ್ನು ಕಚೇರಿಗೆ ಒಪ್ಪಿಸಿ ಬಂದರು. ಈಗ ಹಗಲೆಲ್ಲ ಕಟ್ಟುವ ಮನೆಗಳಿಗೆ ಸೈಜುಗಲ್ಲು ಹೊರುತ್ತಾರೆ. ಬೆಳಗಿನ ಕಾವಲು ಯಾರೂ ಕೊಟ್ಟ ಹುದ್ದೆಯಲ್ಲ. ಅಡ್ಡರಸ್ತೆಯ ಮೊದಲ ಮನೆಗಳು ಎದ್ದಾಗ, ನಿವೃತ್ತ ಮೇಷ್ಟ್ರು ಶಾಮಣ್ಣನವರು, “ಹೆಂಗೂ ಎದ್ದಿರ್ತೀಯಲ್ಲ, ಸ್ವಲ್ಪ ಈ ಕಡೆ ನಿಂತ್ಕೊಳಪ್ಪ,” ಅಂದರು. ನಿಂತರು. ಮೂರು ವರ್ಷವಾಯಿತು. ನಲವತ್ತೊಂದು ಮನೆ, ಅಷ್ಟೇ ಖಾಲಿ ಸೈಟು, ಸೈಟಿನ ತುಂಬ ಎದೆಮಟ್ಟ ಬೆಳೆದ ಲಂಟಾನ.

ಮೊದಲು ಭಯವಿರಲಿಲ್ಲ. ಹತ್ತಿರದ ಪೊಲೀಸ್ ಚೌಕಿಯಲ್ಲಿ ನಾಲ್ವರು ಕಾನ್‌ಸ್ಟೇಬಲ್‌ಗಳಿದ್ದರು. ಇಬ್ಬರು ಸೀಟಿ ಊದುತ್ತ ಬೀದಿ ಸುತ್ತುತ್ತಿದ್ದರು. ಬಂದೋಬಸ್ತಿಗೆಂದು ಮೂವರನ್ನು ಎತ್ತಿಕೊಂಡು ಹೋದರು, ತಿರುಗಿ ಕಳಿಸಲಿಲ್ಲ. ಉಳಿದೊಬ್ಬ ಚೌಕಿಗೆ ಬೀಗ ಹಾಕಿ ಬೀದಿ ಸುತ್ತಬೇಕು, ಇಲ್ಲವೇ ಬೀದಿ ಬಿಟ್ಟು ಚೌಕಿ ಕಾಯಬೇಕು. ಆತ ಚೌಕಿ ಕಾಯುತ್ತಾನೆ. ರಾತ್ರಿ ಗಸ್ತಿನ ಬೀಟಿನವರು ಸಹಿ ಹಾಕಲೆಂದು ಶಾಮಣ್ಣನವರ ವರಾಂಡದಲ್ಲಿ ತೂಗುಹಾಕಿದ ಪುಸ್ತಕಕ್ಕೆ ಶನಿವಾರ ಬಂದು ಏಳು ದಿನದ ಸಹಿಯನ್ನೂ ಒಟ್ಟಿಗೆ ಹಾಕುತ್ತಾನೆ.

“ಬುಧವಾರ ರಾತ್ರಿ ಎರಡು ಗಂಟೆಗೆ ಬಂದಿದ್ನಂತೆ, ಬರ್ಕೊಂಡಿದ್ದಾನೆ,” ಅನ್ನುತ್ತಾರೆ ಶಾಮಣ್ಣ. “ಒಳ್ಳೇ ಹುಡುಗ ಪಾಪ. ಒಂದೇ ಪೆನ್ನಲ್ಲಿ ಬರೀಬೇಡಪ್ಪ, ಚೆನ್ನಾಗಿರಲ್ಲ ಅಂತ ಹೇಳಿದೀನಿ.”

ದಸರೆಯಿಂದ ಈಚೆಗೆ ಸುತ್ತಮುತ್ತ ಆರು ಸರ ಹೋಗಿವೆ. ಖಾಲಿ ಸೈಟಿನ ದಾರಿಯಲ್ಲಿ ಬರುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರನ್ನು ಕಿವಿಯ ಮೇಲೆ ಬಡಿದು ಕೆಡವಿ ಗಡಿಯಾರ ಬಿಚ್ಚಿಕೊಂಡಿದ್ದಾರೆ. ಅವರಿಗೆ ಇನ್ನೂ ಎಡಗಿವಿ ಕೇಳಿಸುವುದಿಲ್ಲ.

ಆರರಲ್ಲಿ ಒಂದು ಸರ ಈ ಅಡ್ಡರಸ್ತೆಯದು.

ಕಾರ್ತಿಕದ ಕೊನೆಯ ಮಂಗಳವಾರ. ಚಿಕ್ಕಬೈರಪ್ಪ ಎಂದಿನಂತೆ ಪಡುವಲ ತುದಿಯಲ್ಲಿ, ಮುಖ್ಯರಸ್ತೆಗೆ ಮುಖ ಮಾಡಿ, ಮನೆಗಳಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಅವರ ಲೆಕ್ಕದಲ್ಲಿ ಅದೇ ಊರುಬಾಗಿಲು. ಆದರೆ ಬಡಾವಣೆಯ ರಸ್ತೆಗೆ ಎರಡು ತುದಿ, ಮನೆಗಳ ಹಿಂದೆ ಇನ್ನೊಂದು ಗಲ್ಲಿ. ಸೈಕಲ್ಲು ಮೂಡಲಿಂದ ಬಂತು. ಐದನೇ ಮನೆಯ ಉಮಾಮಹೇಶ್ವರಿ, ಇಪ್ಪತ್ತಾರರ ಹೆಣ್ಣುಮಗಳು, ಬಗ್ಗಿ ಪದ್ಮದ ಎಸಳು ಎಳೆಯುತ್ತಿದ್ದಳು. ಮಾಂಗಲ್ಯದ ಸರ ಮುಂದಕ್ಕೆ ಜೋತುಬಿದ್ದಿತ್ತು.

“ಕೂಗು ನನ್ನ ಬೆನ್ನಿಗೆ ಬಿತ್ತು ಸ್ವಾಮಿ,” ಅನ್ನುತ್ತಾರೆ ಚಿಕ್ಕಬೈರಪ್ಪ. “ತಿರುಗೋ ಅಷ್ಟೊತ್ಗೆ ಸೈಕಲ್ಲು ಗಲ್ಲಿ ಒಳಿಕೆ ಹೊಂಟೋಗಿತ್ತು. ಮುಖ ನೋಡ್ಲಿಲ್ಲ. ಬೆನ್ನೂ ನೋಡ್ಲಿಲ್ಲ. ಬಡಾವಣೆಗೆ ಬಾಗಿಲೇ ಇಲ್ಲ ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ.”

ಚಿನ್ನ ಹೋಯಿತು, ತಾಳಿ ಹೋಯಿತು. ಕುತ್ತಿಗೆಯ ಸುತ್ತ ಸರ ಕೊರೆದ ಗಾಯ. ಸಡಿಲಾದ ಕರಿಮಣಿಗಳು ರಂಗೋಲಿಯ ಮೇಲೆ, ಮಣ್ಣಿನಲ್ಲಿ ಚೆಲ್ಲಿಹೋದವು. ಆಕೆಯನ್ನು ಡಾಕ್ಟರ ಬಳಿ ಕರೆದೊಯ್ದರು. ಮುತ್ತೈದೆಯ ಕರಿಮಣಿ ಕಾಲಿಗೆ ಸಿಕ್ಕಬಾರದೆಂದು ಚಿಕ್ಕಬೈರಪ್ಪ ಮಂಡಿಯೂರಿ ಕೂತು ಒಂದೊಂದನ್ನೇ ಆಯ್ದರು. ಮೂವತ್ತನಾಲ್ಕು ಸಿಕ್ಕವು. ಮನೆಯವರು ಬಂದಾಗ ಕೊಡೋಣವೆಂದು ಮುಷ್ಟಿಯಲ್ಲಿ ಹಿಡಿದು ಗೇಟಿನ ಹೊರಗೆ ಕಾದರು.

ಮನೆಯವರಿಗಿಂತ ಮೊದಲು ಪೊಲೀಸ್ ಜೀಪು ಬಂತು. ಮುಷ್ಟಿ ಬಿಚ್ಚಿಸಿದರು. “ಮಾಲು ಸಿಕ್ಕಿದೆ,” ಅಂದರು.

ಎರಡು ದಿನ ಒಳಗಿಟ್ಟರು. ಕೇಳಿದ್ದು ಎರಡೇ ಪ್ರಶ್ನೆ: “ಕಾಯೋನು ಬೆನ್ನು ಯಾಕೋ ತಿರುಗಿಸ್ದೆ? ಎಷ್ಟು ಜನ ನೀವು?”

“ಹೆಣ್ಮಕ್ಳು ಬಗ್ಗಿರೋವಾಗ ನೋಡ್ಬಾರ್ದು ಬುದ್ದಿ.”

ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. ಎಡಗೈಯ ಕಿರುಬೆರಳು ಅಂದಿನಿಂದ ನೆಟ್ಟಗಾಗುವುದಿಲ್ಲ. ಅದರ ಮಾತೆತ್ತಿದರೆ ಚಿಕ್ಕಬೈರಪ್ಪ ಕೈಯನ್ನು ಕಂಬಳಿಯೊಳಗೆ ಎಳೆದುಕೊಳ್ಳುತ್ತಾರೆ. “ಕಲ್ಲು ಹೊರಕ್ಕೆ ಅದೇನು ಅಡ್ಡಿ ಮಾಡಕಿಲ್ಲ.”

ಮೂರನೆಯ ದಿನ ಉಮಾಮಹೇಶ್ವರಿ ಕುತ್ತಿಗೆಗೆ ಬ್ಯಾಂಡೇಜು, ಅದರ ಮೇಲೆ ಅರಿಶಿನದ ದಾರ ಕಟ್ಟಿಕೊಂಡೇ ಶಾಮಣ್ಣನವರ ಜೊತೆ ಠಾಣೆಗೆ ಹೋದಳು. ಅತ್ತೆ ಬೇಡವೆಂದಿದ್ದರು. ತಾಳಿ ಕಳೆದುಕೊಂಡವಳು ಠಾಣೆಯ ಮೆಟ್ಟಿಲನ್ನೂ ಹತ್ತಬೇಕೇ ಎಂದಿದ್ದರು. ಇವನಲ್ಲ, ಸೈಕಲ್ಲಿನವನಿಗೆ ಇಪ್ಪತ್ತೈದೂ ದಾಟಿರಲಿಲ್ಲ ಎಂದು ಬರೆದುಕೊಟ್ಟಳು. ಬಿಟ್ಟರು. ಬಿಡುವ ಮುಂಚೆ ಹತ್ತೂ ಬೆರಳಿಗೆ ಮಸಿ ಬಳಿದು ಗುರುತು ತೆಗೆದುಕೊಂಡರು.

ಆ ಗುರುತೇ ಈಗ ಚಿಕ್ಕಬೈರಪ್ಪನವರ ಬೆನ್ನು ಹತ್ತಿದೆ. ಸುತ್ತಲಿನ ಯಾವ ಬ್ಲಾಕಿನಲ್ಲಿ ಕಳವಾದರೂ ಮೊದಲು ಅವರ ಗುಡಿಸಲಿಗೆ ಬರುತ್ತಾರೆ. ಕಳೆದ ವಾರ ಮುದ್ದೆ ಮುರಿಯುವ ಹೊತ್ತಿಗೆ ಬಂದರು, ತಟ್ಟೆ ಬಿಟ್ಟು ಎಬ್ಬಿಸಿದರು. ಹೆಂಡತಿ ಮುನಿವೆಂಕಟಮ್ಮನ ನಾಲಿಗೆಗೆ ಮಾತ್ರ ಇನ್ನೂ ಯಾರೂ ಬೀಗ ಹಾಕಿಲ್ಲ.

“ಎಲ್ಲಿ ಕಳ್ತನ ಆಯ್ತು ಅಂತ ಪೇಪರ್ನೋರಿಗಿಂತ ಮೊದ್ಲು ನಮಗೇ ಗೊತ್ತಾಯ್ತದೆ ಸ್ವಾಮಿ. ಪೊಲೀಸ್ನೋರು ಸುದ್ದಿ ತರೋದೇ ನಮ್ಮನೇಗೆ. ಕಳ್ಳನ್ನ ಹುಡುಕೋಕೆ ಆಳಿಲ್ಲ ಅಂತಾರೆ, ನನ್ನ ಗಂಡನ್ನ ಹಿಡ್ಕೊಂಡೋಗಕ್ಕೆ ಮೂರಾಳು ಬತ್ತಾರೆ.”

ಅಡ್ಡರಸ್ತೆಯವರೆಲ್ಲ ಉಮಾಮಹೇಶ್ವರಿಯಂತೆ ಯೋಚಿಸುವುದಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎನ್ನುವವರು ಇದ್ದಾರೆ. ಗೂರ್ಖನನ್ನಿಡೋಣ ಎನ್ನುವವರೂ ಇದ್ದಾರೆ. ಕೆಲವರು ಬೆಳಕು ಹರಿದ ಮೇಲೆ ಗೇಟಿನ ಒಳಗೇ ನಾಲ್ಕು ಗೆರೆ ಎಳೆದು ಮುಗಿಸುತ್ತಾರೆ. ನಲವತ್ತೊಂದು ಮನೆಗಳಲ್ಲಿ ಈ ಕತ್ತಲಿಗೆ ಹೊರಗೆ ಬರುವವರು ಈಗ ಹದಿನೇಳೇ ಮಂದಿ. ಅವರಲ್ಲಿ ಬಹುತೇಕರ ಕೊರಳಿನಲ್ಲಿ ಚಿನ್ನವಿಲ್ಲ. ದಾರ, ದಾರಕ್ಕೊಂದು ಅರಿಶಿನದ ಕೊಂಬು.

ಚಿಕ್ಕಬೈರಪ್ಪ ಪಡುವಲ ತುದಿಯನ್ನು ಬಿಟ್ಟು ರಸ್ತೆಯ ನಡುವಿಗೆ ಬಂದದ್ದು ಠಾಣೆಯಿಂದ ಬಿಟ್ಟ ಮರುದಿನ. ಎರಡು ತುದಿಯನ್ನೂ ಸುತ್ತಿ ಸುತ್ತಿ ನೋಡುವುದು ಅಂದಿನಿಂದ. “ನಮ್ಮನ್ನೇ ನೋಡ್ಕೊಂಡು ನಿಂತ್ಕೋ ಬೈರಪ್ಪ, ಏನೂ ಆಗಲ್ಲ,” ಎಂದು ಉಮಾಮಹೇಶ್ವರಿ ಹೇಳಿದ್ದಾಳೆ. ಅದೊಂದು ಅವರಿಗೆ ಇನ್ನೂ ಆಗಿಲ್ಲ. ತಿರುಗುವಾಗ ಕಣ್ಣು ಮನೆಗಳ ಮಾಡಿನ ಮೇಲೆ ಹಾದು ಹೋಗುತ್ತದೆ.

ಆರು ಗಂಟೆಗೆ ಚೂಡಾಮಣಿಯಮ್ಮನ ಮನೆಯ ಕಾಫಿ ಬರುತ್ತದೆ. ಕಾಂಪೌಂಡ್ ಗೋಡೆಯ ಮೇಲಿಟ್ಟ ಲೋಟವನ್ನು ಎತ್ತಿ ಕುಡಿಯುವಾಗಲೂ ಕಣ್ಣು ರಸ್ತೆಯಲ್ಲೇ. ಶಾಮಣ್ಣನವರು ಮಫ್ಲರ್ ಸುತ್ತಿಕೊಂಡು ಹೊರಗೆ ಬರುತ್ತಾರೆ.

“ನಿನಗ್ಯಾಕಪ್ಪ ಇದೆಲ್ಲ? ಇಲ್ಲೇನಾದ್ರೂ ಇನ್ನೊಂದು ಆದ್ರೆ ನಿನ್ನನ್ನೇ ಎಳ್ಕೊಂಡು ಹೋಗ್ತಾರೆ. ಸ್ವಲ್ಪ ದಿನ ಮನೇಲಿರು.”

“ಮನೇಲಿದ್ರೆ ಎಲ್ಲಿದ್ದೆ ಅಂತ ಕೇಳ್ತಾರೆ ಮೇಷ್ಟ್ರೇ. ನನ್ನ ಹೆಂಡ್ರ ಸಾಕ್ಷಿ ಯಾರು ತಕ್ಕಂತಾರೆ? ಇಲ್ಲಿ ನಿಂತ್ರೆ ಹದಿನೇಳು ಜನ ಹೇಳ್ತಾರೆ, ಇಲ್ಲೇ ಇದ್ದ ಅಂತ.”

ಹದಿನೇಳು ಮಂದಿಗೂ ಅದು ಗೊತ್ತು. ಅದಕ್ಕೇ ಒಬ್ಬೊಬ್ಬರೂ ಹೊರಗೆ ಬಂದ ಕೂಡಲೇ ಗಟ್ಟಿಯಾಗಿ ಅವರ ಹೆಸರು ಹಿಡಿದು ಮಾತಾಡಿಸುತ್ತಾರೆ. ಯಾರು ಯಾರನ್ನು ಕಾಯುತ್ತಿದ್ದಾರೆ ಎಂದು ಹೇಳುವುದು ಈಗ ಕಷ್ಟ.

ಬೆರಳಿನ ಗುರುತು ತೆಗೆದುಹಾಕಿ ಎಂದು ಶಾಮಣ್ಣನವರು ಮೂರು ಅರ್ಜಿ ಬರೆದಿದ್ದಾರೆ. ಅಸಲಿ ಕಳ್ಳ ಸಿಗುವತನಕ ಆಗುವುದಿಲ್ಲ ಎಂಬ ಉತ್ತರ ಬಂದಿದೆ. ಹುಡುಕುವವರು ಯಾರೆಂಬುದಕ್ಕೆ ಉತ್ತರ ಬಂದಿಲ್ಲ. ನಾಲ್ಕನೆಯ ಅರ್ಜಿಗೆ ಏನು ಬರೆಯಲಿ ಎಂದು ಕೇಳಿದರೆ ಚಿಕ್ಕಬೈರಪ್ಪ ಖಾಲಿ ಲೋಟವನ್ನು ಗೋಡೆಯ ಮೇಲೆ ಬೋರಲು ಹಾಕುತ್ತಾರೆ.

“ನಮ್ಮಜ್ಜನ ಹೆಬ್ಬೆಟ್ಟು ತಾಲ್ಲೂಕು ಕಚೇರಿ ಪುಸ್ತಕದಾಗೈತೆ, ಕಾವಲಿನೋನು ಅಂತ. ನಮ್ಮಪ್ಪಂದೂ ಐತೆ. ನಂದೂ ಅಲ್ಲೇ ಇತ್ತು, ಈಗ ಕಳ್ಳರ ಪುಸ್ತಕದಾಗೆ ಬಿತ್ತು. ಇದನ್ನ ಕಿತ್ತು ಅದಕ್ಕೆ ಹಾಕಿ ಅಂತ ಬರೀರಿ.”

“ಆ ಪುಸ್ತಕ ಮುಚ್ಚಿ ಹೋಯ್ತಲ್ಲೋ ಬೈರಪ್ಪ. ಹೋದ ವರ್ಷವೇ ಮುಚ್ಚಿದ್ರು.”

ಚಿಕ್ಕಬೈರಪ್ಪ ದೊಣ್ಣೆ ತೆಗೆದುಕೊಳ್ಳುತ್ತಾರೆ.

“ಹಂಗಾದ್ರೆ ಯಾವ ಪುಸ್ತಕದಾಗೂ ಬ್ಯಾಡ ಅಂತ ಬರೀರಿ.”